ವೃದ್ಧಾಶ್ರಮದ ಕರೆಗಂಟೆ ಯಾರಿಗೆ ಕೇಳಿಸಬೇಕು?

2017ರ ಸೆಪ್ಟೆಂಬರ್ 10ರಂದು ಇರ್ಮಾ ಚಂಡಮಾರುತ ಅಮೆರಿಕದ ಫ್ಲಾರಿಡಾ ರಾಜ್ಯಕ್ಕೆ ಅಪ್ಪಳಿಸಿದಾಗ, ಅಲ್ಲಿನ ಹಾಲಿವುಡ್ ಎಂಬ ಊರಿನ ಒಂದು ಶುಶ್ರೂಷಾ ಗೃಹದಲ್ಲಿ ಕರೆಂಟ್ ಪೂರ್ತಿಯಾಗಿ ಹೋಗಲಿಲ್ಲ. ದೀಪಗಳು ಉರಿಯುತ್ತಲೇ ಇದ್ದವು. ಕೈಕೊಟ್ಟದ್ದು ಹವಾನಿಯಂತ್ರಣ ವ್ಯವಸ್ಥೆಗೆ ವಿದ್ಯುತ್ ಒದಗಿಸುತ್ತಿದ್ದ ಟ್ರಾನ್ಸ್‌ಫಾರ್ಮರ್ ಮಾತ್ರ. ಅಲ್ಲಿಂದ ವಿದ್ಯುತ್ ಕಂಪನಿಗೆ ಮತ್ತೆ ಮತ್ತೆ ಫೋನ್ ಹೋಯಿತು. ತುರ್ತು ನೆರವಿಗೆಂದು ರಾಜ್ಯದ ಗವರ್ನರ್ ಕೊಟ್ಟಿದ್ದ ಮೊಬೈಲ್ ಸಂಖ್ಯೆಗೂ ಕರೆ ಹೋಯಿತು. ಮೂರನೆಯ ದಿನ, 13ರ ನಸುಕಿನಲ್ಲಿ, ಹಾಸಿಗೆ ಹಿಡಿದಿದ್ದ ಹಿರಿಯರು ಒಬ್ಬರ ಹಿಂದೊಬ್ಬರು ಕುಸಿಯತೊಡಗಿದರು. ಕಟ್ಟಡದೊಳಗಿನ ಆ ತಾಪವೇ 12 ಮಂದಿಯ ಸಾವಿಗೆ ಕಾರಣವೆಂದು ಕೊನೆಗೆ ತೀರ್ಮಾನವಾಯಿತು. ರಸ್ತೆ ದಾಟಿದರೆ ಎದುರಿಗೇ ಒಂದು ದೊಡ್ಡ ಆಸ್ಪತ್ರೆಯಿತ್ತು.

ಮರುವರ್ಷವೇ ಫ್ಲಾರಿಡಾ ತನ್ನ ನಿಯಮಗಳನ್ನು ಬಿಗಿಗೊಳಿಸಿತು. ಪೂರ್ಣ ಪ್ರಮಾಣದ ಶುಶ್ರೂಷೆ ನೀಡುವ ಗೃಹಗಳಿಗಷ್ಟೇ ಅಲ್ಲದೆ, ಸ್ನಾನಕ್ಕೆ, ಊಟಕ್ಕೆ, ಔಷಧಿಗೆ ಇನ್ನೊಬ್ಬರ ಕೈ ಬೇಕಾದ ಹಿರಿಯರು ವಾಸಿಸುವ ‘ಅಸಿಸ್ಟೆಡ್ ಲಿವಿಂಗ್’ ವಸತಿಗಳಿಗೂ ಅದು ಅನ್ವಯವಾಯಿತು. ಆ ನಿಯಮದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಅದರ ಮಾತುಗಳ ಆಯ್ಕೆ. ‘ಜನರೇಟರ್ ಇರತಕ್ಕದ್ದು’ ಎಂದಷ್ಟೇ ಬರೆದು ಅವರು ಕೈತೊಳೆದುಕೊಳ್ಳಲಿಲ್ಲ. ವಿದ್ಯುತ್ ಹೋದ ಮೇಲೆ ಕನಿಷ್ಠ 96 ಗಂಟೆಗಳವರೆಗೆ, ಹಿರಿಯರನ್ನು ಇರಿಸುವ ಜಾಗದ ಉಷ್ಣಾಂಶ 81 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಸುಮಾರು 27 ಡಿಗ್ರಿ ಸೆಲ್ಸಿಯಸ್ ದಾಟಬಾರದು ಎಂದು ಬರೆದರು. ಜನರೇಟರ್ ಎಷ್ಟು ದೊಡ್ಡದಿರಬೇಕು, ಡೀಸೆಲ್ ಎಷ್ಟು ಇಟ್ಟುಕೊಂಡಿರಬೇಕು, ಯಾವ ತಂತಿ ಯಾವ ಯಂತ್ರಕ್ಕೆ ಹೋಗಬೇಕು ಎಂಬುದೆಲ್ಲ ಆ ಒಂದು ವಾಕ್ಯದಿಂದ ತಾನಾಗಿ ನಿರ್ಧಾರವಾಗುತ್ತದೆ. ಉಪಕರಣ ಇದೆಯೇ ಎಂದು ಕೇಳುವ ನಿಯಮಕ್ಕೂ, ಅದರ ಪ್ರಯೋಜನ ಹಾಸಿಗೆಯಲ್ಲಿ ಮಲಗಿರುವ ವ್ಯಕ್ತಿಗೆ ತಲುಪುತ್ತಿದೆಯೇ ಎಂದು ಕೇಳುವ ನಿಯಮಕ್ಕೂ ನಡುವೆ ಇರುವ ಅಂತರದಲ್ಲೇ ಜೀವಗಳು ಹೋಗುತ್ತವೆ. ನಮ್ಮಲ್ಲಿ ಹಿರಿಯರ ವಸತಿಗಳ ವಿದ್ಯುತ್, ಬೆಳಕು ಮತ್ತು ಸಂಪರ್ಕ ವ್ಯವಸ್ಥೆಯ ಬಗ್ಗೆ ಇರುವ ಅಲ್ಪಸ್ವಲ್ಪ ನಿಯಮಗಳೂ ಬಹುಪಾಲು ಮೊದಲನೆಯ ಬಗೆಯವು ಎಂಬುದು ನನ್ನ ಚಿಂತೆ.

2011ರ ಜನಗಣತಿಯ ಪ್ರಕಾರ ಭಾರತದಲ್ಲಿ 60 ದಾಟಿದವರ ಸಂಖ್ಯೆ 10 ಕೋಟಿಗೂ ಹೆಚ್ಚು. ಮಕ್ಕಳು ಬೇರೆ ಊರಿನಲ್ಲಿ, ಬೇರೆ ದೇಶದಲ್ಲಿ ಇರುವುದು ಸಾಮಾನ್ಯವಾದ ಮೇಲೆ ಬೆಂಗಳೂರು, ಮೈಸೂರು, ಮಂಗಳೂರಿನಂಥ ಕಡೆ ಹಿರಿಯರ ವಸತಿಗಳು ಹಲವು ರೂಪಗಳಲ್ಲಿ ತಲೆಯೆತ್ತಿವೆ. ಒಂದು ತುದಿಯಲ್ಲಿ ನಿವೃತ್ತರಿಗೆಂದೇ ಕಟ್ಟಿದ ಅಪಾರ್ಟ್‌ಮೆಂಟ್ ಸಮುಚ್ಚಯಗಳಿವೆ. ಇನ್ನೊಂದು ತುದಿಯಲ್ಲಿ ಸರ್ಕಾರದ ಅನುದಾನದಿಂದಲೋ ದಾನಿಗಳ ನೆರವಿನಿಂದಲೋ ನಡೆಯುವ ವೃದ್ಧಾಶ್ರಮಗಳಿವೆ. ಇವೆರಡರ ನಡುವೆ, ಬಡಾವಣೆಯ ಎರಡು ಮೂರು ಅಂತಸ್ತಿನ ಮನೆಯನ್ನು ಬಾಡಿಗೆಗೆ ಪಡೆದು, ಕೋಣೆಗೆ ಎರಡೋ ಮೂರೋ ಮಂಚ ಹಾಕಿ ನಡೆಸುವ ಆರೈಕೆ ಕೇಂದ್ರಗಳಿವೆ. ಅಪಾಯ ಹೆಚ್ಚಾಗಿ ಮನೆಮಾಡಿರುವುದು ಈ ನಡುವಿನ ಗುಂಪಿನಲ್ಲಿ. ಐದು ಜನರ ಕುಟುಂಬಕ್ಕೆಂದು ವೈರಿಂಗ್ ಮಾಡಿದ್ದ ಮನೆ ಈಗ ಇಪ್ಪತ್ತು ಜನರ ಹೊರೆಯನ್ನು ಹೊತ್ತಿರುತ್ತದೆ. ಹೊರೆ ಎಂದರೆ ಬರೀ ಫ್ಯಾನು, ದೀಪವಲ್ಲ. ಬಚ್ಚಲಿಗೊಂದರಂತೆ ಗೀಸರ್, ಮಂಚದ ಪಕ್ಕದಲ್ಲಿ ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಆಕ್ಸಿಜನ್ ಕಾನ್ಸಂಟ್ರೇಟರ್, ಬೆನ್ನು ಹುಣ್ಣಾಗದಂತೆ ಹಾಸುವ ಏರ್ ಬೆಡ್ಡಿನ ಪಂಪು, ನೆಬ್ಯುಲೈಸರ್, ಎತ್ತಿ ಇಳಿಸುವ ವಿದ್ಯುತ್ ಮಂಚ, ಎರಡೆರಡು ವಾಷಿಂಗ್ ಮಷೀನು, ಚಳಿಗಾಲದಲ್ಲಿ ರೂಮ್ ಹೀಟರ್. 2 ಕಿಲೋವ್ಯಾಟಿನ ಗೀಸರ್ ಒಂದೇ ಒಂಬತ್ತು ಆಂಪಿಯರ್‌ನಷ್ಟು ವಿದ್ಯುತ್ ಎಳೆಯುತ್ತದೆ. ಅಂಥ ಮೂರನ್ನು ಬೆಳಗಿನ ಆರು ಗಂಟೆಗೆ ಒಟ್ಟಿಗೆ ಹಾಕಿದರೆ, ಗೋಡೆಯೊಳಗಿನ ಮೂವತ್ತು ವರ್ಷದ ಹಳೆಯ ತಂತಿ ಬಿಸಿಯಾಗುತ್ತದೆ. ಆ ಬಿಸಿ ಕಣ್ಣಿಗೆ ಕಾಣುವುದಿಲ್ಲ.

ಹಿರಿಯರ ವಿಷಯದಲ್ಲಿ ಶಾಕ್ ಹೊಡೆಯುವ ಅಪಾಯವೂ ಬೇರೆ ತೆರನಾದದ್ದು. ಅವರ ಕೈ ಒದ್ದೆಯಿರಬಹುದು, ಹಾಸಿಗೆ ಒದ್ದೆಯಿರಬಹುದು, ಕಬ್ಬಿಣದ ಮಂಚವನ್ನೋ ಸ್ಟೀಲಿನ ವಾಕರನ್ನೋ ಅವರು ಹಿಡಿದೇ ಇರುತ್ತಾರೆ, ಮತ್ತು ತಂತಿ ತಗುಲಿದಾಗ ಥಟ್ಟನೆ ಕೈ ಕಿತ್ತುಕೊಳ್ಳುವ ಚುರುಕು ಅವರಲ್ಲಿ ಉಳಿದಿರುವುದಿಲ್ಲ. ಮನೆಯ ಮೀಟರಿನ ಬಳಿ ಇರುವ, ಹೊರೆ ಹೆಚ್ಚಾದಾಗ ತಾನಾಗಿ ಬಿದ್ದು ವಿದ್ಯುತ್ ಕಡಿಯುವ ಎಂಸಿಬಿ ಸ್ವಿಚ್ಚು ತಮ್ಮನ್ನು ಕಾಪಾಡುತ್ತದೆ ಎಂದು ಹಲವರು ನಂಬಿದ್ದಾರೆ. ಎಂಸಿಬಿ ಕಾಪಾಡುವುದು ತಂತಿಯನ್ನು, ಮನುಷ್ಯನನ್ನಲ್ಲ. 16 ಆಂಪಿಯರ್‌ನ ಎಂಸಿಬಿ ಬೀಳಬೇಕಾದರೆ ಅದಕ್ಕಿಂತ ಹೆಚ್ಚಿನ ವಿದ್ಯುತ್ ಹರಿಯಬೇಕು. ಹೃದಯದ ಬಡಿತವನ್ನು ಕೆಡಿಸಲು ಅದರ ಸಾವಿರದಲ್ಲಿ ಕೆಲವೇ ಪಾಲು ಸಾಕು. ಒಂದು 9 ವ್ಯಾಟಿನ ಎಲ್‌ಇಡಿ ಬಲ್ಬು ಎಳೆಯುವುದು ಸುಮಾರು 40 ಮಿಲಿಆಂಪಿಯರ್ (ಆಂಪಿಯರಿನ ಸಾವಿರದಲ್ಲೊಂದು ಪಾಲು ಒಂದು ಮಿಲಿಆಂಪಿಯರ್). ಅಷ್ಟು ಎದೆಯ ಮೂಲಕ ಹರಿದರೂ ಪ್ರಾಣಕ್ಕೆ ಸಂಚಕಾರ ಬರಬಹುದು. ಆದ್ದರಿಂದಲೇ ತಂತಿಯಿಂದ ಹೊರಗೆ ಸೋರುವ ವಿದ್ಯುತ್ 30 ಮಿಲಿಆಂಪಿಯರ್ ಮುಟ್ಟುವಷ್ಟರಲ್ಲಿ ಕಣ್ಣು ಮಿಟುಕಿಸುವುದರೊಳಗೆ ವಿದ್ಯುತ್ ಕಡಿಯುವ ಆರ್‌ಸಿಸಿಬಿ ಬೇಕು. ನಮ್ಮ ಎಲೆಕ್ಟ್ರಿಷಿಯನ್‌ಗಳಲ್ಲಿ ಅನೇಕರು ಇದನ್ನು ಇಂದಿಗೂ ಹಳೆಯ ಹೆಸರಿನಲ್ಲಿ ಇಎಲ್‌ಸಿಬಿ ಎನ್ನುತ್ತಾರೆ. 100 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಬೆಂಕಿಯನ್ನು ತಡೆಯಬಹುದು, ಮನುಷ್ಯರ ಜೀವಕ್ಕೆ ಅದನ್ನು ನಂಬುವಂತಿಲ್ಲ.

ಆದರೆ ಆರ್‌ಸಿಸಿಬಿ ‘ಇದೆ’ ಎಂದ ಮಾತ್ರಕ್ಕೆ ಪ್ರಶ್ನೆ ಮುಗಿಯುವುದಿಲ್ಲ. ಬಹಳ ಕಡೆ ಖರ್ಚು ಉಳಿಸಲು ಇಡೀ ಅಂತಸ್ತಿಗೆ ಒಂದೇ ಆರ್‌ಸಿಸಿಬಿ ಹಾಕಿರುತ್ತಾರೆ. ಒಂದು ಬಚ್ಚಲಿನ ಗೀಸರ್ ಕಾಯಿಲ್ ಸೋರತೊಡಗಿತು ಎನ್ನೋಣ. ಅದರ ಜೊತೆಗೆ ಎಲ್ಲ ಕೋಣೆಗಳ ದೀಪ, ಏರ್ ಬೆಡ್ಡು, ಆಕ್ಸಿಜನ್ ಯಂತ್ರ ಎಲ್ಲವೂ ಒಮ್ಮೆಲೇ ನಿಲ್ಲುತ್ತವೆ. ಮಳೆಗಾಲದಲ್ಲಿ ಹೀಗೆ ರಾತ್ರಿ ಎರಡು ಸಲ ಆದರೆ ಮೂರನೆಯ ದಿನ ಯಾರನ್ನೋ ಕರೆಸಿ, ‘ಪದೇ ಪದೇ ಟ್ರಿಪ್ ಆಗುತ್ತೆ’ ಎಂದು ಅದನ್ನು ಬೈಪಾಸ್ ಮಾಡಿಸಿಬಿಡುತ್ತಾರೆ. ಡಬ್ಬಿ ಗೋಡೆಯ ಮೇಲೆ ಹಾಗೇ ಇರುತ್ತದೆ, ನೋಡಲು ಬಂದವರಿಗೆ ಕಾಣುತ್ತದೆ, ತಂತಿ ಮಾತ್ರ ಅದರ ಮೂಲಕ ಹಾಯುವುದಿಲ್ಲ. ಇದನ್ನು ಮಾಡಿಸಿದವರನ್ನು ದುಷ್ಟರೆಂದು ನಾನು ಎಣಿಸುವುದಿಲ್ಲ. ಆಕ್ಸಿಜನ್ ನಿಲ್ಲದಿರಲಿ ಎಂಬ ಕಾಳಜಿಯಿಂದಲೇ ಹಾಗೆ ಮಾಡಿಸಿರಬಹುದು. ತಪ್ಪು ವಿನ್ಯಾಸದಲ್ಲಿದೆ. ಬಚ್ಚಲಿಗೆ ಒಂದು, ಕೋಣೆಯ ಸಾಕೆಟ್ಟುಗಳಿಗೆ ಒಂದು, ಜೀವರಕ್ಷಕ ಯಂತ್ರದ ಸಾಕೆಟ್ಟಿಗೆ ಪ್ರತ್ಯೇಕವಾಗಿ ಇನ್ನೊಂದು ಎಂದು ಬೇರ್ಪಡಿಸಿದ್ದರೆ ಒಂದರ ದೋಷಕ್ಕೆ ಇನ್ನೊಂದು ಬಲಿಯಾಗುತ್ತಿರಲಿಲ್ಲ. ಆರ್‌ಸಿಸಿಬಿಯ ಮೇಲೆ ‘ಟಿ’ ಎಂಬ ಅಕ್ಷರವಿರುವ ಒಂದು ಪುಟ್ಟ ಗುಂಡಿ ಇರುತ್ತದೆ. ಅದನ್ನು ಒತ್ತಿದಾಗ ಕರೆಂಟ್ ಹೋಗಬೇಕು. ಹೋಗದಿದ್ದರೆ ಅದು ಸತ್ತಿದೆ ಅಥವಾ ಅದರ ಮೂಲಕ ವಿದ್ಯುತ್ ಹಾಯುತ್ತಿಲ್ಲ ಎಂದರ್ಥ. ಅಪ್ಪನನ್ನೋ ಅಮ್ಮನನ್ನೋ ಸೇರಿಸಲು ಹೋದವರು ಊಟದ ಮೆನು ಕೇಳುತ್ತಾರೆ, ತೋಟ ನೋಡುತ್ತಾರೆ. ಈ ಗುಂಡಿಯನ್ನು ಒತ್ತಿ ತೋರಿಸಿ ಎಂದು ಕೇಳುವವರು ವಿರಳ.

ಆಕ್ಸಿಜನ್ ಇರುವ ಕೋಣೆಯ ಮಾತೇ ಬೇರೆ. 2025ರ ಜುಲೈ 13ರ ರಾತ್ರಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫಾಲ್ ರಿವರ್‌ನಲ್ಲಿ, ಸುಮಾರು 70 ಮಂದಿ ಇದ್ದ ಅಸಿಸ್ಟೆಡ್ ಲಿವಿಂಗ್ ವಸತಿಯೊಂದಕ್ಕೆ ಬೆಂಕಿ ಬಿದ್ದು 10 ಜನ ಸತ್ತರು. ತನಿಖೆ ನಡೆಸಿದವರು ಕೊನೆಗೆ ಎರಡು ಸಾಧ್ಯತೆಗಳನ್ನು ಮುಂದಿಟ್ಟರು: ಧೂಮಪಾನದ ಕಿಡಿ, ಇಲ್ಲವೇ ಆಕ್ಸಿಜನ್ ಕಾನ್ಸಂಟ್ರೇಟರ್‌ನಲ್ಲಿ ಉಂಟಾದ ವಿದ್ಯುತ್ ದೋಷ. ಎರಡರಲ್ಲಿ ಯಾವುದೇ ಆಗಿರಲಿ, ಆ ಕೋಣೆಯ ಆಕ್ಸಿಜನ್ ಬೆಂಕಿಗೆ ರೆಕ್ಕೆ ಕೊಟ್ಟಿತು. ಆಕ್ಸಿಜನ್ ತಾನಾಗಿ ಉರಿಯುವುದಿಲ್ಲ, ಆದರೆ ಅದು ನೆನೆದ ಹೊದಿಕೆ, ದಿಂಬು, ಕೂದಲು ಸಾಮಾನ್ಯ ಗಾಳಿಯಲ್ಲಿ ಹೊತ್ತುವುದಕ್ಕಿಂತ ಎಷ್ಟೋ ವೇಗವಾಗಿ ಹೊತ್ತಿಕೊಳ್ಳುತ್ತವೆ. ಅಂಥ ಮಂಚದ ಕೆಳಗೆ, ಕಳಚಿಬಿದ್ದ ಬೆಡ್‌ಶೀಟಿನ ಮರೆಯಲ್ಲಿ, ಸಡಿಲವಾದ ಪ್ಲಗ್ಗು ಚಿಟಚಿಟ ಎನ್ನುವ ಎಕ್ಸ್‌ಟೆನ್ಷನ್ ಬೋರ್ಡ್ ಇರುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ನೋಡಿದ್ದೇನೆ. ನಮ್ಮ ದೇಶದಲ್ಲೂ ಬೆಂಕಿಯ ದುರಂತ ನಡೆಯದೇ ಇಲ್ಲ: 2023ರ ಜನವರಿ 1ರ ಬೆಳಗಿನ ಜಾವ ದೆಹಲಿಯ ಗ್ರೇಟರ್ ಕೈಲಾಶ್‌ನ ಹಿರಿಯರ ಆರೈಕೆ ಕೇಂದ್ರವೊಂದರಲ್ಲಿ ಬೆಂಕಿ ಹೊತ್ತಿ ಇಬ್ಬರು ವೃದ್ಧೆಯರು ಪ್ರಾಣ ಬಿಟ್ಟರು. ಎದ್ದು ಓಡಲಾಗದವರಿಗೆ ಬೆಂಕಿಯ ಮೊದಲ ಕೆಲವು ನಿಮಿಷಗಳೇ ಎಲ್ಲವೂ.

ವಿದ್ಯುತ್ ಹೋದಾಗ ಏನು ಎಂಬ ಪ್ರಶ್ನೆಗೆ ‘ಯುಪಿಎಸ್ ಇದೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಲೆಕ್ಕ ಹಾಕಿ ನೋಡೋಣ. ಮನೆಗಳಲ್ಲಿ ಬಳಸುವ 12 ವೋಲ್ಟಿನ, 150 ಆಂಪಿಯರ್-ಗಂಟೆಯ ಬ್ಯಾಟರಿಯ ಒಟ್ಟು ಸಾಮರ್ಥ್ಯ 1,800 ವ್ಯಾಟ್-ಗಂಟೆ. ಪರಿವರ್ತನೆಯ ನಷ್ಟ ಕಳೆದು, ಬ್ಯಾಟರಿಯನ್ನು ತೀರಾ ಬರಿದು ಮಾಡಬಾರದೆಂಬ ಮಿತಿಯನ್ನೂ ಕಳೆದರೆ ಕೈಗೆ ಸಿಗುವುದು ಸುಮಾರು 1,200. ಐದು ಲೀಟರಿನ ಆಕ್ಸಿಜನ್ ಕಾನ್ಸಂಟ್ರೇಟರ್ ಒಂದು ಸುಮಾರು 350 ವ್ಯಾಟ್ ಎಳೆಯುತ್ತದೆ. ಬೇರೆ ಏನೂ ಉರಿಯದಿದ್ದರೆ ಮೂರು ಗಂಟೆಗಿಂತ ತುಸು ಹೆಚ್ಚು. ಬ್ಯಾಟರಿಗೆ ನಾಲ್ಕು ವರ್ಷ ವಯಸ್ಸಾಗಿದ್ದರೆ ಅದರ ಅರ್ಧವೂ ಅನುಮಾನ. ಮಲೆನಾಡಿನಲ್ಲಿ ಮರ ಬಿದ್ದು ಕಂಬ ಮುರಿದರೆ ಎರಡು ಮೂರು ದಿನ ಕರೆಂಟ್ ಇಲ್ಲದಿರುವುದು ಅಲ್ಲಿನವರಿಗೆ ಹೊಸತಲ್ಲ. ನಗರದವರಿಗೂ ಭರವಸೆಯಿಲ್ಲ. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆಗೆ ಬೆಂಗಳೂರಿನ ಯಮಲೂರು, ಬೆಳ್ಳಂದೂರು ಸುತ್ತಮುತ್ತ ನೆಲಮಾಳಿಗೆಗಳು ಮುಳುಗಿ, ಎಷ್ಟೋ ಮಂದಿಯನ್ನು ಟ್ರ್ಯಾಕ್ಟರ್ ಮತ್ತು ದೋಣಿಗಳಲ್ಲಿ ಹೊರಗೆ ಸಾಗಿಸಬೇಕಾಯಿತು. ಜನರೇಟರ್ ಮತ್ತು ಅದರ ಪ್ಯಾನೆಲ್ ನೆಲಮಾಳಿಗೆಯಲ್ಲಿದ್ದರೆ, ಅದು ಹೆಚ್ಚು ಬೇಕಾಗುವ ದಿನವೇ ನೀರಿನಡಿ ಹೋಗುತ್ತದೆ. ಹಾಗೆಯೇ ವಾಚ್‌ಮನ್ ಬಂದು ಬೀಗ ತೆಗೆದು ಹ್ಯಾಂಡಲ್ ತಿರುಗಿಸಬೇಕಾದ ಜನರೇಟರಿಗೂ, ತಾನಾಗಿ ಶುರುವಾಗುವ ಜನರೇಟರಿಗೂ ಕಾಗದದ ಮೇಲೆ ವ್ಯತ್ಯಾಸವಿಲ್ಲ. ರಾತ್ರಿ ಎರಡು ಗಂಟೆಗೆ ಬಹಳ ಇದೆ.

ಬೆಳಕಿನ ವಿಷಯವನ್ನು ನಾವು ಸೌಂದರ್ಯದ ಪ್ರಶ್ನೆ ಎಂದುಕೊಂಡುಬಿಟ್ಟಿದ್ದೇವೆ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಯಾಗಿ ಮಂಕಾಗುತ್ತದೆ. ಇಪ್ಪತ್ತರ ಯುವಕನ ಅಕ್ಷಿಪಟಲಕ್ಕೆ ತಲುಪುವ ಬೆಳಕಿನ ಮೂರನೇ ಒಂದು ಪಾಲಿನಷ್ಟು ಮಾತ್ರ ಅರವತ್ತರವರ ಅಕ್ಷಿಪಟಲಕ್ಕೆ ತಲುಪುತ್ತದೆ. ಎಂಬತ್ತರಲ್ಲಿ ಇನ್ನೂ ಕಡಿಮೆ. ಹಾಗೆಂದು ಕಣ್ಣು ಕೋರೈಸುವ ಬಿಳಿ ಎಲ್‌ಇಡಿ ಹಾಕಿದರೆ ಪರಿಹಾರವಾಗುವುದಿಲ್ಲ. ಮಂಕಾದ ಮಸೂರದಲ್ಲಿ ಬೆಳಕು ಚದುರುವುದರಿಂದ ನೇರ ಬಲ್ಬಿನ ಪ್ರಖರತೆ ಅವರನ್ನು ನಮಗಿಂತ ಹೆಚ್ಚು ಕಾಡುತ್ತದೆ, ಮತ್ತು ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಮೇಲೆ ಬಿದ್ದ ಅದರ ಪ್ರತಿಬಿಂಬ ನೀರು ಚೆಲ್ಲಿದಂತೆ ಕಾಣುತ್ತದೆ. ಕತ್ತಲಿನಿಂದ ಬೆಳಕಿಗೆ, ಬೆಳಕಿನಿಂದ ಕತ್ತಲಿಗೆ ಹೊಂದಿಕೊಳ್ಳಲು ಅವರ ಕಣ್ಣು ತೆಗೆದುಕೊಳ್ಳುವ ಹೊತ್ತೂ ಹೆಚ್ಚು. ರಾತ್ರಿ ಮೂತ್ರಕ್ಕೆಂದು ಎರಡು ಮೂರು ಸಲ ಏಳುವ ಅಜ್ಜಿ ಕತ್ತಲಿನಲ್ಲಿ ಗೋಡೆ ತಡವುತ್ತಾ ಬಾಗಿಲ ಬಳಿಯ ಸ್ವಿಚ್ಚಿನವರೆಗೆ ನಡೆಯುತ್ತಾರೆ, ಬಚ್ಚಲಿನ ಟ್ಯೂಬ್‌ಲೈಟ್ ಫಕ್ಕನೆ ಹೊತ್ತಿಕೊಂಡು ಕಣ್ಣು ಕತ್ತಲಿಡುತ್ತದೆ, ಹಿಂದಿರುಗುವಾಗ ಕೋಣೆ ಇನ್ನಷ್ಟು ಕಪ್ಪಾಗಿ ಕಾಣುತ್ತದೆ, ಹೊಸ್ತಿಲು ಎಲ್ಲಿದೆಯೋ ತಿಳಿಯುವುದಿಲ್ಲ. ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಅದರ ಪರಿಣಾಮವೇನೆಂದು ಅನುಭವಿಸಿದ ಮನೆಗಳಿಗೆ ಹೇಳಬೇಕಿಲ್ಲ.

ಇದಕ್ಕೆ ಬೇಕಾದದ್ದು ದುಬಾರಿಯೇನಲ್ಲ. ಮಂಚದಿಂದ ಬಚ್ಚಲಿನವರೆಗೆ ಮೊಣಕಾಲಿಗಿಂತ ಕೆಳಗೆ, ಬೆಚ್ಚನೆಯ ಬಣ್ಣದ, ಕಣ್ಣಿಗೆ ನೇರವಾಗಿ ಹೊಡೆಯದ ಸಣ್ಣ ದೀಪಗಳು. ಮಲಗಿದಲ್ಲಿಂದಲೇ ಕೈಗೆಟಕುವ ಒಂದು ಸ್ವಿಚ್ಚು. ಬಿಳಿಯ ಗೋಡೆಯ ಮೇಲೆ ಬಿಳಿಯದ್ದಲ್ಲದ ಸ್ವಿಚ್‌ಬೋರ್ಡು ಮತ್ತು ಹಿಡಿಕಂಬಿ. ಇವು ಯುಪಿಎಸ್ ಲೈನಿನ ಮೇಲಿರಬೇಕು ಎಂಬುದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಯುಪಿಎಸ್ ಲೈನಿಗೆ ಹಾಲ್‌ನ ಟಿವಿಯನ್ನೂ ಆಫೀಸಿನ ಕಂಪ್ಯೂಟರನ್ನೂ ಸೇರಿಸಿ ಬಚ್ಚಲಿನ ದೀಪವನ್ನು ಬಿಟ್ಟಿರುವ ಕಟ್ಟಡಗಳು ಬೇಕಾದಷ್ಟಿವೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ವೃದ್ಧರ ವಸತಿಗಳನ್ನು ಸಾಮಾನ್ಯ ಮನೆಗಳ ಜೊತೆ ಸೇರಿಸುವುದಿಲ್ಲ. ಅನಾಥಾಲಯಗಳ ಜೊತೆಗೆ ‘ಸಿ-2’ ಎಂಬ ಆರೈಕೆ ಸಂಸ್ಥೆಗಳ ವರ್ಗದಲ್ಲಿ ಇರಿಸುತ್ತದೆ. ತಪ್ಪಿಸಿಕೊಳ್ಳುವ ದಾರಿಯ ನಡುಗೆರೆಯಲ್ಲಿ ನೆಲದ ಮಟ್ಟಕ್ಕೆ ಕನಿಷ್ಠ 10 ಲಕ್ಸ್ (ಲಕ್ಸ್ ಎಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ತುರ್ತು ಬೆಳಕು ಬೀಳಬೇಕು, ಅದು ಒಂದೂವರೆ ಗಂಟೆ ನಿಲ್ಲಬೇಕು ಎಂಬುದು ಸಂಹಿತೆಯ ನಿರೀಕ್ಷೆ. ನೆಲದ ಮೇಲೆ ಇಷ್ಟು ಬೆಳಕು, ಇಷ್ಟು ಹೊತ್ತು ಎಂಬ ಈ ಭಾಷೆ ನಾನು ಮೇಲೆ ಹೇಳಿದ ಎರಡನೆಯ ಬಗೆಯದು, ಪ್ರಯೋಜನ ವ್ಯಕ್ತಿಗೆ ತಲುಪುತ್ತಿದೆಯೇ ಎಂದು ಕೇಳುವಂಥದ್ದು. ದೇಶದಲ್ಲೇ ಅಂಥ ಮಾತು ಇದೆ, ಅದನ್ನು ಬಾಡಿಗೆ ಮನೆಯ ಮೆಟ್ಟಿಲವರೆಗೆ ತರುವ ಕೈ ಇಲ್ಲ.

ಇನ್ನು ಕರೆಗಂಟೆ. ನನ್ನ ದೊಡ್ಡಮ್ಮನಿಗೆ ಎಂಬತ್ತನಾಲ್ಕು. ಎರಡು ವರ್ಷದಿಂದ ಇಂಥ ಒಂದು ವಸತಿಯಲ್ಲಿದ್ದಾರೆ. ಒಳ್ಳೆಯವರೇ ನಡೆಸುವ ಜಾಗ; ಊಟ ಚೆನ್ನಾಗಿದೆ, ಮಾತನಾಡಿಸುವವರಿದ್ದಾರೆ. ಬಾತ್‌ರೂಮಿನಲ್ಲಿ ಬಿದ್ದರೆ ಎಳೆಯಲೆಂದು ಕಮೋಡಿನ ಪಕ್ಕ ಒಂದು ಕೆಂಪು ದಾರ ಇಳಿಬಿಟ್ಟಿದ್ದಾರೆ. ನಾನು ಮೊದಲ ಸಲ ಒಳಗೆ ಹೋಗಿ ನೋಡಿದಾಗ ಆ ದಾರವನ್ನು ಮೂರು ಸುತ್ತು ಸುತ್ತಿ, ನನ್ನ ಭುಜದ ಎತ್ತರದಲ್ಲಿ ಗಂಟು ಹಾಕಿ ಇಡಲಾಗಿತ್ತು. ಆರೈಕೆಗಿರುವ ಕಲಬುರಗಿ ಕಡೆಯ ಹುಡುಗಿ ಸಂಕೋಚದಿಂದಲೇ ಹೇಳಿದಳು: “ನೆಲ ಒರಸೋವಾಗ ಅಡ್ಡ ಬರ್ತದ್ರಿ ಅಣ್ಣಾರ, ಅದಕ್ಕ ಮ್ಯಾಲ ಕಟ್ಟಿಟ್ಟೀನಿ.” ಅವಳ ಮಾತು ಸುಳ್ಳಲ್ಲ. ಒದ್ದೆ ಮಾಪಿಗೆ ಸಿಕ್ಕಿದರೆ ದಾರ ಗಲೀಜಾಗುತ್ತದೆ, ಎಳೆದುಕೊಂಡು ಗಂಟೆ ಬಾರಿಸುತ್ತದೆ, ಕೆಳಗಿನಿಂದ ಯಾರೋ ಬೈಯುತ್ತಾರೆ. ಆದರೆ ಬಿದ್ದವರು ನೆಲದ ಮೇಲಿರುತ್ತಾರೆ. ದಾರದ ತುದಿ ನೆಲದಿಂದ ಒಂದು ಗೇಣಿನೊಳಗೆ ಇಲ್ಲದಿದ್ದರೆ, ನಿಂತವರು ಮಾತ್ರ ಅದನ್ನು ಎಳೆಯಬಲ್ಲರು. ನಿಂತವರಿಗೆ ಅದು ಬೇಕಿಲ್ಲ. ತೊಳೆಯಲು ಬರುವ ಪ್ಲಾಸ್ಟಿಕ್ ದಾರ ಮತ್ತು ಅದರ ತುದಿಗೊಂದು ಹಗುರವಾದ ಬಳೆ ಹಾಕಿದ್ದರೆ ಅವಳ ತೊಂದರೆಯೂ ತಪ್ಪುತ್ತಿತ್ತು.

ಗಂಟೆ ಬಾರಿಸಿದ ಮೇಲೆ ಅದು ಎಲ್ಲಿ ಕೇಳಿಸುತ್ತದೆ? ಹೆಚ್ಚಿನ ಕಡೆ ನೆಲಮಹಡಿಯ ಮೇಜಿನ ಮೇಲಿನ ಪ್ಯಾನೆಲ್‌ನಲ್ಲಿ ಒಂದು ಕೆಂಪು ದೀಪ ಹೊತ್ತಿ ‘ಟಿಂಗ್’ ಎನ್ನುತ್ತದೆ. ಹಗಲಿನಲ್ಲಿ ಆ ಮೇಜಿನ ಮುಂದೆ ಜನವಿರುತ್ತಾರೆ. ರಾತ್ರಿ ಇರುವ ಒಬ್ಬರೋ ಇಬ್ಬರೋ ಎರಡನೆಯ ಮಹಡಿಯಲ್ಲಿ ಯಾರದೋ ಡಯಾಪರ್ ಬದಲಿಸುತ್ತಿರುತ್ತಾರೆ. ಹೀಗಾಗಿ ಗಂಟೆ ಸದ್ದು ಮಾಡುತ್ತದೆ, ಕೇಳುವ ಕಿವಿ ಅಲ್ಲಿರುವುದಿಲ್ಲ. ಸಿಬ್ಬಂದಿಯ ಜೇಬಿನಲ್ಲಿರುವ ಸಾಧನಕ್ಕೆ ಕರೆ ಹೋಗಬೇಕು, ಯಾರಾದರೂ ಕೋಣೆಗೆ ಬಂದು ಅಲ್ಲಿಯೇ ಗುಂಡಿ ಒತ್ತಿದ ಹೊರತು ಅದು ನಿಲ್ಲಬಾರದು, ಎಷ್ಟು ನಿಮಿಷಕ್ಕೆ ಬಂದರು ಎಂಬುದು ತಾನಾಗಿ ದಾಖಲಾಗಬೇಕು. ದಾಖಲೆ ಇಲ್ಲದ ಕರೆಗಂಟೆಯ ಬಗ್ಗೆ ‘ಕೂಡಲೇ ಬರುತ್ತೇವೆ’ ಎಂಬ ಮಾತನ್ನು ನಂಬುವುದೋ ಬಿಡುವುದೋ ನಮ್ಮಿಷ್ಟ. ದಾಖಲೆ ಇದ್ದರೆ ತಿಂಗಳಿಗೊಮ್ಮೆ ತೆಗೆದು ನೋಡಬಹುದು, ರಾತ್ರಿ ಒಂದರಿಂದ ನಾಲ್ಕರವರೆಗೆ ತಡವಾಗುತ್ತಿದ್ದರೆ ಅಲ್ಲಿಗೊಬ್ಬರನ್ನು ಸೇರಿಸಬಹುದು.

ಹೊರಗಿನ ಸಂಪರ್ಕದಲ್ಲಿ ಸದ್ದಿಲ್ಲದೆ ಒಂದು ದೊಡ್ಡ ಬದಲಾವಣೆ ಆಗಿದೆ. ಹಳೆಯ ತಾಮ್ರದ ತಂತಿಯ ಲ್ಯಾಂಡ್‌ಲೈನ್ ಮನೆಯಲ್ಲಿ ಕರೆಂಟ್ ಹೋದರೂ ಕೆಲಸ ಮಾಡುತ್ತಿತ್ತು, ಏಕೆಂದರೆ ಅದಕ್ಕೆ ಬೇಕಾದ ವಿದ್ಯುತ್ ಟೆಲಿಫೋನ್ ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು. ಈಗಿನ ಫೈಬರ್ ಸಂಪರ್ಕದ ಫೋನಿಗೆ ಮನೆಯ ಕರೆಂಟೇ ಗತಿ. ರೂಟರ್ ಆರಿದರೆ ಫೋನೂ ಆರಿತು, ವೈಫೈ ನೆಚ್ಚಿಕೊಂಡ ಕರೆಗಂಟೆಯೂ ಆರಿತು, ಕ್ಯಾಮರಾಗಳೂ ಆರಿದವು. ಬ್ರಿಟನ್ನಿನಲ್ಲಿ ಹಳೆಯ ಟೆಲಿಫೋನ್ ಜಾಲವನ್ನು ಮುಚ್ಚುವ ಗಡುವನ್ನು 2025ರ ಕೊನೆಯಿಂದ 2027ರ ಜನವರಿಗೆ ಮುಂದೂಡಿದ್ದಕ್ಕೆ ಒಂದು ಮುಖ್ಯ ಕಾರಣ, ಕತ್ತಿಗೆ ಕಟ್ಟಿಕೊಳ್ಳುವ ತುರ್ತು ಗುಂಡಿಯಂಥ ಸಾಧನಗಳನ್ನು ಆ ಜಾಲದ ಮೂಲಕ ಬಳಸುತ್ತಿದ್ದ ಸುಮಾರು 18 ಲಕ್ಷ ಜನರ ಸುರಕ್ಷತೆ. ನಮ್ಮಲ್ಲಿ ಅಂಥ ಗಡುವೂ ಇರಲಿಲ್ಲ, ಚರ್ಚೆಯೂ ನಡೆಯಲಿಲ್ಲ. ತಾಮ್ರ ಹೋಗಿ ಫೈಬರ್ ಬಂತು, ಅಷ್ಟೆ. ರೂಟರಿಗೆಂದೇ ಸಿಗುವ ಅಂಗೈಯಗಲದ ಬ್ಯಾಟರಿ ಡಬ್ಬಿಯೊಂದನ್ನು ಕೂರಿಸುವುದು ಇವತ್ತೇ ಆಗುವ ಕೆಲಸ. ಜೊತೆಗೆ ರಾತ್ರಿ ಪಾಳಿಯವರು 112ಕ್ಕೆ ಕರೆ ಮಾಡಿ ವಿಳಾಸವನ್ನು, ಹತ್ತಿರದ ಗುರುತನ್ನು ತಡವರಿಸದೆ ಹೇಳಬಲ್ಲರೇ ಎಂಬುದನ್ನೂ ಪರೀಕ್ಷಿಸಬೇಕು. ಬೆಂಗಳೂರಿನ ಅನೇಕ ವಸತಿಗಳಲ್ಲಿ ಆರೈಕೆಯವರು ದೂರದ ರಾಜ್ಯಗಳಿಂದ ಬಂದವರು. ಅಡ್ಡರಸ್ತೆ, ಮುಖ್ಯರಸ್ತೆಗಳ ಸಂಖ್ಯೆಯ ಗೊಂದಲದಲ್ಲಿ ಊರಿನವರೇ ದಾರಿ ತಪ್ಪುವಾಗ ಅವರಿಂದ ಏನನ್ನು ನಿರೀಕ್ಷಿಸಲಾದೀತು? ಫೋನಿನ ಪಕ್ಕ ಗೋಡೆಯ ಮೇಲೆ ಕನ್ನಡದಲ್ಲೂ ಅವರ ಭಾಷೆಯಲ್ಲೂ ದಪ್ಪಕ್ಷರದಲ್ಲಿ ಬರೆದಂಟಿಸಿದ ವಿಳಾಸವೇ ಆಗ ದಾರಿದೀಪ.

ಬೆಂಕಿಯ ಎಚ್ಚರಿಕೆಯ ಸದ್ದಿನ ಬಗ್ಗೆ ಒಂದು ಮಾತು. ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದು ಕೀರಲು ಸದ್ದನ್ನು. ಸಾಮಾನ್ಯ ಹೊಗೆ ಪತ್ತೆ ಸಾಧನ ಕೂಗುವುದು ಸುಮಾರು 3,000 ಹರ್ಟ್ಸ್‌ನ ಕೀರಲಿನಲ್ಲಿ. ಶ್ರವಣ ಸಾಧನವನ್ನು ತೆಗೆದಿಟ್ಟು ಮಲಗಿದ ಅಜ್ಜನಿಗೆ ಅದು ಕೇಳಿಸದೇ ಹೋಗಬಹುದು. ಅಮೆರಿಕದ ಬೆಂಕಿ ಎಚ್ಚರಿಕೆ ಸಂಹಿತೆ ಈ ಕಾರಣದಿಂದಲೇ ಹೋಟೆಲಿನಂಥ ಮಲಗುವ ಜಾಗಗಳ ಎಚ್ಚರಿಕೆ ವ್ಯವಸ್ಥೆಗೆ 520 ಹರ್ಟ್ಸ್‌ನ ತಗ್ಗು ದನಿಯನ್ನು 2014ರಿಂದ ಕಡ್ಡಾಯ ಮಾಡಿತು. ಸದ್ದು ಬರುತ್ತದೆಯೇ ಎಂಬುದರಿಂದ ಯಾರಿಗೆ ಕೇಳಿಸುತ್ತದೆ ಎಂಬಲ್ಲಿಗೆ ಪ್ರಶ್ನೆ ಸರಿದ ಇನ್ನೊಂದು ಉದಾಹರಣೆ ಇದು.

ಹಾಗಾದರೆ ನಮ್ಮಲ್ಲಿ ಇದನ್ನೆಲ್ಲ ನೋಡಬೇಕಾದವರು ಯಾರು? 2007ರ ಪಾಲಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಸಂರಕ್ಷಣೆ ಕಾಯಿದೆಯ 19ನೇ ಪ್ರಕರಣ, ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಜಾಗವಿರುವ ವೃದ್ಧಾಶ್ರಮದ ಮಾತಾಡುತ್ತದೆ. ಅವುಗಳ ಗುಣಮಟ್ಟ ಮತ್ತು ಸೇವೆಗಳ ಬಗ್ಗೆ ಹೇಳುವಾಗ ಅದು ಹೆಸರಿಸುವುದು ವೈದ್ಯಕೀಯ ಆರೈಕೆ ಮತ್ತು ಮನರಂಜನೆಯನ್ನು. ವೈರಿಂಗ್, ಬೆಳಕು, ಕರೆಗಂಟೆ ಅಲ್ಲಿ ಇಲ್ಲ. ಖಾಸಗಿ ವಸತಿಗಳ ನೋಂದಣಿ ಮತ್ತು ಕನಿಷ್ಠ ಗುಣಮಟ್ಟವನ್ನು ಕಡ್ಡಾಯ ಮಾಡಲು ಹೊರಟಿದ್ದ ತಿದ್ದುಪಡಿ ಮಸೂದೆ 2019ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಬಂತು, ಸ್ಥಾಯಿ ಸಮಿತಿಗೆ ಹೋಯಿತು, 2024ರಲ್ಲಿ ಆ ಲೋಕಸಭೆಯ ಅವಧಿಯೊಂದಿಗೇ ಬಿದ್ದುಹೋಯಿತು. ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2019ರಲ್ಲಿ ನಿವೃತ್ತರ ವಸತಿಗಳಿಗಾಗಿ ಮಾದರಿ ಮಾರ್ಗಸೂಚಿ ಹೊರಡಿಸಿದೆ. ಅದು ಹೆಸರೇ ಹೇಳುವಂತೆ ಮಾದರಿ, ರಾಜ್ಯಗಳು ಅಳವಡಿಸಿಕೊಂಡರೆ ಮಾತ್ರ ಬಲ. ಅದರ ಮುಖ್ಯ ದೃಷ್ಟಿ ಇರುವುದೂ ಬಿಲ್ಡರುಗಳು ಕಟ್ಟಿ ಮಾರುವ ಸಮುಚ್ಚಯಗಳ ಮೇಲೆ, ಬಾಡಿಗೆ ಮನೆಯ ಆರೈಕೆ ಕೇಂದ್ರದ ಮೇಲಲ್ಲ. ಅಗ್ನಿಶಾಮಕ ಇಲಾಖೆಯ ಗಮನ ಎತ್ತರದ ಕಟ್ಟಡಗಳ ಮೇಲೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಐದು ವರ್ಷ ಮೀರದ ಅಂತರದಲ್ಲಿ ತಪಾಸಣೆ ಬೇಕೆನ್ನುತ್ತವೆ, ಆದರೆ ಸಣ್ಣ ಸಂಪರ್ಕಗಳಲ್ಲಿ ಅದು ಮಾಲೀಕರ ಸ್ವಯಂ ದೃಢೀಕರಣಕ್ಕೆ ಇಳಿಯುತ್ತದೆ. ಮನೆಯ ಮಾಲೀಕರು ಒಬ್ಬರು, ವಸತಿ ನಡೆಸುವವರು ಇನ್ನೊಬ್ಬರು. ದೃಢೀಕರಿಸುವ ಮಾತು ಇಬ್ಬರ ನಡುವೆ ಕಳೆದುಹೋಗುತ್ತದೆ.

ಕೇಂದ್ರದ ಮಸೂದೆಗಾಗಿ ಕಾಯುತ್ತಾ ಕುಳಿತಿರಬೇಕಾದ ಅಗತ್ಯ ಕರ್ನಾಟಕಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ. ಹಿರಿಯ ನಾಗರಿಕರ ಇಲಾಖೆ ಅನುದಾನ ಕೊಡುವ ಆಶ್ರಮಗಳಿಂದಲೇ ಶುರು ಮಾಡಬಹುದು. ಅನುದಾನದ ಷರತ್ತಿಗೆ ಹೊಸ ಕಾಯಿದೆ ಬೇಕಿಲ್ಲ. ಷರತ್ತು ಹತ್ತು ಪುಟದ ಉಪಕರಣಗಳ ಪಟ್ಟಿಯಾಗದೆ, ವರ್ಷಕ್ಕೆರಡು ಸಲ ರಾತ್ರಿ ಹೊತ್ತು, ಮೊದಲೇ ತಿಳಿಸಿದ ವಾರದೊಳಗೆ ತಿಳಿಸದ ದಿನ, ಮೇನ್ ಸ್ವಿಚ್ ತೆಗೆದು ನಡೆಸುವ ಒಂದು ಪರೀಕ್ಷೆಯಾಗಲಿ. ಆಕ್ಸಿಜನ್ ಮೇಲಿರುವವರಿಗೆ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು, ಒಬ್ಬ ಲೈಸೆನ್ಸ್ ಇರುವ ವಿದ್ಯುತ್ ಗುತ್ತಿಗೆದಾರರ ಸಮ್ಮುಖದಲ್ಲಿ ಇದನ್ನು ಸುರಕ್ಷಿತವಾಗಿ ಮಾಡಬಹುದು. ಬಚ್ಚಲಿನ ದಾರಿಯಲ್ಲಿ ಬೆಳಕಿತ್ತೇ, ನೆಲದಲ್ಲಿ ಕುಳಿತು ದಾರ ಎಳೆದಾಗ ಎಷ್ಟು ನಿಮಿಷಕ್ಕೆ ಮನುಷ್ಯರು ಬಂದರು, ಫೋನ್ ಹೊರಗೆ ಹೋಯಿತೇ, ಮರೆವಿನ ಕಾಯಿಲೆ (ಡಿಮೆನ್ಷಿಯಾ) ಇರುವವರು ಹೊರಗೆ ಹೋಗದಂತೆ ಅವರ ವಿಭಾಗಕ್ಕೆ ಹಾಕಿದ ವಿದ್ಯುತ್ ಬೀಗ ತಾನಾಗಿ ತೆರೆದುಕೊಂಡಿತೇ, ಬ್ಯಾಟರಿ ಎಷ್ಟು ಗಂಟೆ ನಿಂತಿತು: ಇಷ್ಟನ್ನು ಬರೆದು ಮುಂಬಾಗಿಲಲ್ಲಿ ಅಂಟಿಸಿದರೆ ಸಾಕು. ಸಣ್ಣ ವಸತಿಗಳಿಗೆ ಇದು ಹೊರೆ ಎಂಬ ಆಕ್ಷೇಪವನ್ನು ನಾನು ಕೇಳಿದ್ದೇನೆ, ಅದರಲ್ಲಿ ಹುರುಳಿಲ್ಲದಿಲ್ಲ. ಹಳೆಯ ಮನೆಯ ವೈರಿಂಗ್ ಪೂರ್ತಿ ಬದಲಿಸುವುದು ಲಕ್ಷಗಳ ಮಾತು, ಅದು ಕೊನೆಗೆ ತಿಂಗಳ ಶುಲ್ಕಕ್ಕೇ ಸೇರುತ್ತದೆ. ಆದ್ದರಿಂದ ಗಡುವು ಕೊಟ್ಟು ಹಂತಹಂತವಾಗಿ ಮಾಡಿಸಲಿ, ದಾನದಿಂದ ನಡೆಯುವ ಆಶ್ರಮಗಳಿಗೆ ಸರ್ಕಾರ ಒಂದು ಸಲದ ನೆರವು ಕೊಡಲಿ. ಪರೀಕ್ಷೆಗೆ ಮಾತ್ರ ಖರ್ಚಿಲ್ಲ, ಅದನ್ನು ಮುಂದೂಡಲು ಕಾರಣವೂ ಇಲ್ಲ.

ದೊಡ್ಡಮ್ಮ ಇರುವ ವಸತಿಯವರು ನಾವು ನಾಲ್ಕು ಮನೆಯವರು ಒಟ್ಟಾಗಿ ಕೇಳಿಕೊಂಡ ಮೇಲೆ ಕಳೆದ ಮಳೆಗಾಲಕ್ಕೆ ಮುಂಚೆ ಒಂದು ರಾತ್ರಿ ಹನ್ನೊಂದಕ್ಕೆ ಮೇನ್ ಸ್ವಿಚ್ ತೆಗೆಯಲು ಒಪ್ಪಿದರು. ಯುಪಿಎಸ್ ಕೂಡಲೇ ಹಿಡಿಯಿತು, ಕೋಣೆಗಳ ಫ್ಯಾನು ತಿರುಗಿದವು, ಹಾಲ್‌ನಲ್ಲಿ ಟಿವಿಯೂ ಮಾತಾಡುತ್ತಿತ್ತು. ಮೆಟ್ಟಿಲು ಮತ್ತು ಬಚ್ಚಲುಗಳು ಕಪ್ಪಾಗಿದ್ದವು. ಕರೆಗಂಟೆಯ ಪ್ಯಾನೆಲ್ ಸತ್ತುಹೋಗಿತ್ತು. ಅದನ್ನು ಕೂರಿಸಿದವರು ಹತ್ತಿರ ಸಿಕ್ಕ ಸಾಮಾನ್ಯ ಸಾಕೆಟ್ಟಿಗೆ ಚುಚ್ಚಿ ಹೋಗಿದ್ದರು, ಅಲ್ಲಿಯವರೆಗೆ ಅದು ಯಾರ ಗಮನಕ್ಕೂ ಬಂದಿರಲಿಲ್ಲ. ಮ್ಯಾನೇಜರ್ ಮುಖ ಸಪ್ಪಗಾಯಿತು. ಮರುದಿನ ಮಧ್ಯಾಹ್ನ ಎಲೆಕ್ಟ್ರಿಷಿಯನ್ ಬಂದು ಟಿವಿಯ ತಂತಿಯನ್ನು ಯುಪಿಎಸ್‌ನಿಂದ ತೆಗೆದು, ಪ್ಯಾನೆಲ್ಲನ್ನೂ ಬಚ್ಚಲಿನ ದೀಪಗಳನ್ನೂ ಅದಕ್ಕೆ ಸೇರಿಸಿ, ಸಂಜೆಯೊಳಗೆ ಮುಗಿಸಿದರು. ಬಾತ್‌ರೂಮಿನ ಕೆಂಪು ದಾರದ ಗಂಟನ್ನು ಮಾತ್ರ ಪ್ರತಿ ಭಾನುವಾರ ಹೋದಾಗಲೂ ನಾನೇ ಬಿಚ್ಚಿ ಬರುತ್ತಿದ್ದೇನೆ.